ನಿವೇಶನಾಂತರ್ಗತ ಪಿತೃಸಮಾಧಿಗಳು: ಒಂದು ತಾತ್ತ್ವಿಕ ಜಿಜ್ಞಾಸೆ

ಪ್ರಸ್ತುತ ಪ್ರಬಂಧದ ವ್ಯಾಪ್ತಿಯು ಬೆಂಗಳೂರಿನ ಸುತ್ತಲಿನ ಹೊಲತೋಟಗಳಲ್ಲಿ ಮರಣೋತ್ತರ ವಾಸ್ತವ್ಯ ಹೂಡಿರುವ ಹಿರಿಯರಿಗೆ ಸೀಮಿತ. ಇವರನ್ನು ಇನ್ನು ಮುಂದೆ ‘ಅಧೋಭೌಮಿಕ ಪೂರ್ವಭೋಗದಾರರು’ ಎಂದು ಕರೆಯಲಾಗುವುದು. ಊರಿನವರು ‘ನಮ್ಮಜ್ಜಿ ಗುಡ್ಡೆ’ ಎನ್ನುತ್ತಾರೆ ನಿಜ. ಆದರೆ ಅಷ್ಟು ಸುಲಭವಾಗಿ ಅರ್ಥವಾಗುವ ಮಾತಿಗೆ ವಿಚಾರ ಸಂಕಿರಣದಲ್ಲಿ ಊಟದ ಕೂಪನ್ನೂ ಸಿಗುವುದಿಲ್ಲ.

ಇವರಲ್ಲಿ ಐದು ವರ್ಗ. ಒಂದು, ಪೂರ್ಣದೃಶ್ಯರು: ಸಿಮೆಂಟ್ ಕಟ್ಟೆ, ಟೈಲ್ಸು, ಫೋಟೊ ಉಳ್ಳವರು, ಲೇಔಟಿನ ಬ್ರೋಷರಿಗೆ ಅಡ್ಡ ಬರುವವರು. ಎರಡು, ಅರೆದೃಶ್ಯರು: ತಲೆದೆಸೆಗೊಂದು ಕಲ್ಲು, ಪಕ್ಕದಲ್ಲೊಂದು ಕಣಗಲೆ ಗಿಡ. ಜೆಸಿಬಿ ಚಾಲಕನಿಗೆ ಇವರ ಪರಿಚಯವಾಗುವುದು ಎರಡನೇ ಬಕೆಟ್ಟಿನಲ್ಲಿ. ಮೂರು, ಆಸೀನರು: ಕೂರಿಸಿ ಮಣ್ಣು ಮಾಡಿದವರು, ಸಂಪು ತೋಡುವವರಿಗಷ್ಟೇ ಸಿಗುತ್ತಾರೆ. ಉಳಿದೆರಡು ವರ್ಗ ಬೇಡ ಬಿಡಿ. ಜೆಸಿಬಿ ವರ್ಗೀಕರಣ ಮಾಡುವುದಿಲ್ಲ.

ಇನ್ನು ಪರಿಮಾಣಾತ್ಮಕ ವಿಶ್ಲೇಷಣೆ. ಆರಡಿಗೆ ಮೂರಡಿಯ ಗುಡ್ಡೆ 18 ಚದರಡಿ. 30×40 ಸೈಟು 1,200 ಚದರಡಿ. ಅಂದರೆ ಒಂದೇ ಸೈಟಿನಲ್ಲಿ 66 ಪೂರ್ವಭೋಗದಾರರು ಪಾರ್ಕಿಂಗ್ ಕೇಳದೆ ಮಲಗಬಲ್ಲರು.

ಸೈಟಿನಡಿ ಹೀಗೆ ಹಿರಿಯರಿರುವುದನ್ನು ವಾಸ್ತುಪಂಡಿತರು ಶಲ್ಯದೋಷ ಎನ್ನುತ್ತಾರೆ. ನೆಲದಡಿಯ ಮೂಳೆಯಿಂದ ಮನೆಗೆ ಕೇಡು, ಶಾಂತಿ ಮಾಡಿಸಬೇಕು. ಮನೆಯಿಂದ ಮೂಳೆಗಾಗುವ ಕೇಡಿಗೆ ಯಾವ ಶಾಂತಿಯೆಂದು ಯಾರೂ ಹೇಳಿಲ್ಲ. ಹಾಗೆಂದು ಎಲ್ಲ ಗೋರಿಗಳಿಗೂ ಇದೇ ಗತಿಯಲ್ಲ: ಗಂಗಾವತಿ ಬಳಿ ಹಿರೇಬೆಣಕಲ್ಲಿನ ಶಿಲಾಗೋರಿಗಳು ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯನ್ನೂ ಸೇರಿದವು. ಸೇರಲಿ, ಸಂತೋಷ. ಇದರಿಂದ ಹೊರಡುವ ಪ್ರಮೇಯ: ಸತ್ತವರ ಹೆಸರು ಯಾರಿಗೂ ನೆನಪಿಲ್ಲದಿದ್ದರೆ ರಕ್ಷಣೆ, ನೆನಪಿದ್ದರೆ ಲೆವೆಲಿಂಗು.

ಪಹಣಿಯಲ್ಲಿ ಮರಕ್ಕೊಂದು ಕಾಲಂ ಇದೆ, ಮಣ್ಣಿನ ನಮೂನೆಗೊಂದಿದೆ, ನೀರಿಗೊಂದಿದೆ. ಅಜ್ಜಿಗಿಲ್ಲ. ಕ್ರಯಪತ್ರ ಮಾತ್ರ ಹಳೇ ಶಾಸನದ ಗತ್ತಿನಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಅಷ್ಟಭೋಗಗಳನ್ನೂ ಖರೀದಿದಾರರಿಗೆ ವಹಿಸಿಕೊಡುತ್ತದೆ. ಅಜ್ಜಿ ಹೋದದ್ದು ಬಹುಶಃ ನಿಕ್ಷೇಪದ ಲೆಕ್ಕದಲ್ಲಿ.

ಸಾಕು ಈ ಪರಿಭಾಷೆ. ಮೂರನೇ ದಿನ ಹಾಲುತುಪ್ಪ ಬಿಟ್ಟ ಜಾಗ ಅದು. ಜಮೀನು ಮಾರಿದ್ದು ಮೊಮ್ಮಕ್ಕಳೇ, ಒಪ್ಪಿದೆ. ಬೋರ್‌ವೆಲ್ ಸಾಲ ಇತ್ತು, ಮಗಳ ಮದುವೆ ಇತ್ತು. ಬೆಳೆ ಮಾರಿ ಸಾಲ ತೀರಿಸಿದವರನ್ನು ಆ ಸೀಮೆಯಲ್ಲಿ ತೋರಿಸಿ ನೋಡೋಣ. ಮಾತುಕತೆಯಲ್ಲಿ ‘ಗುಡ್ಡೆ ಮುಟ್ಟಲ್ಲ ಗೌಡ್ರೇ’ ಎಂದಿದ್ದ ದಲ್ಲಾಳಿ ರಿಜಿಸ್ಟ್ರೇಷನ್ ಆದ ಮೇಲೆ ಫೋನೇ ಎತ್ತುವುದಿಲ್ಲ. ಮಹಾಲಯ ಅಮಾವಾಸ್ಯೆಗೆ ಎಡೆ ಹಿಡಿದು ಬಂದ ಮುದುಕನನ್ನು ಗೇಟಿನಲ್ಲಿ ನಿಲ್ಲಿಸಿ, ಯಾವ ವಿಲ್ಲಾ, ಓನರ್ ನಂಬರು ಕೊಡಿ ಅನ್ನುತ್ತಾರೆ. ಹದಿನೆಂಟು ಚದರಡಿ ಬಿಡಿ ಸ್ವಾಮಿ, ಅಲ್ಲಿಗೆ ಹೋಗಲೊಂದು ಕಾಲುದಾರಿ ಬಿಡಿ. ಕ್ಲಬ್‌ಹೌಸಿನ ಈಜುಕೊಳ ಅಷ್ಟು ಕಿರಿದಾದರೆ ಯಾರೂ ಮುಳುಗಿ ಸಾಯುವುದಿಲ್ಲ.