ಒಂದು ಸೆಮಿಸ್ಟರ್ ಹಿರಿಯ

ಅಕ್ಟೋಬರ್ ಹೊತ್ತಿಗೆ ಜರ್ಮನಿಯ ಆಹೆನ್ ನಗರದ ರೈಲು ನಿಲ್ದಾಣದಲ್ಲಿ ಈತ ಸಿಕ್ಕೇ ಸಿಗುತ್ತಾನೆ. ಜಾಕೆಟ್ಟಿನ ಜಿಪ್ಪು ಹಾಕಿರುವುದಿಲ್ಲ. ಈ ಚಳಿಯೆಲ್ಲ ಯಾವ ಲೆಕ್ಕ ಎಂಬಂತೆ ನಿಂತಿರುತ್ತಾನೆ. ಬಂದದ್ದು ಹೋದ ಏಪ್ರಿಲ್‌ನಲ್ಲಿ, ಇಲ್ಲಿಯ ಚಳಿಗಾಲವನ್ನು ಅವನೂ ಇನ್ನೂ ಕಂಡಿಲ್ಲ, ಅದು ಬೇರೆ ಮಾತು. ಊರ ಕಡೆಯಿಂದ ಹೊಸ ಹುಡುಗನೊಬ್ಬ ಓದಲು ಬರುತ್ತಿದ್ದಾನೆ, ಸೀನಿಯರ್ ಎದುರುಗೊಳ್ಳಲು ಬಂದಿದ್ದಾನೆ. ವಯಸ್ಸಿನಲ್ಲಿ ಬರುವವನೇ ಎರಡು ವರ್ಷ ದೊಡ್ಡವನಿರಬಹುದು. ಆದರೆ ಪರದೇಶದಲ್ಲಿ ಹಿರಿತನದ ಲೆಕ್ಕ ಶುರುವಾಗುವುದು ವಿಮಾನ ಇಳಿದ ದಿನದಿಂದ.

ಈ ಸಲದವನು ಚನ್ನಗಿರಿಯ ಹುಡುಗ. ಅಪ್ಪ ಅಡಿಕೆ ತೋಟದ ಪತ್ರ ಅಡವಿಟ್ಟು 11,904 ಯೂರೋ ಹೊಂದಿಸಿ ಬ್ಯಾಂಕಿಗೆ ಕಟ್ಟಿದ್ದಾರೆ. ಅದರಲ್ಲಿ ತಿಂಗಳಿಗೆ 992ರಂತೆ ತನ್ನ ದುಡ್ಡನ್ನೇ ತಾನು ಬೇಡಿ ಪಡೆಯಬೇಕು, ವೀಸಾದ ಷರತ್ತು ಅದು. ಹುಡುಗ ಎರಡು ಸೂಟ್‌ಕೇಸು, ಒಂದು ಕುಕ್ಕರ್ ಸಮೇತ ಇಳಿದ. ಸೀನಿಯರ್ ಮುಖ ನೋಡುವ ಮೊದಲು ಸಾಮಾನು ನೋಡಿದ.

"ಚಟ್ನಿಪುಡಿ ಯಾವುದರಲ್ಲಿದೆ ಮಗಾ? ಕೊಡು, ಅದನ್ನ ನಾನು ಎಳೀತೀನಿ."

ನಿಲ್ದಾಣದಿಂದಲೇ ಪಾಠ ಆರಂಭ. ರಾತ್ರಿ ಹನ್ನೊಂದು, ರಸ್ತೆಯಲ್ಲಿ ನರಪಿಳ್ಳೆಯಿಲ್ಲ, ಆದರೂ ಸಿಗ್ನಲ್ಲಿನಲ್ಲಿ ಕೆಂಪು ಮನುಷ್ಯ ನಿಂತಿದ್ದರೆ ದಾಟುವಂತಿಲ್ಲ. "ಚಿಕ್ಕ ಮಕ್ಕಳು ನೋಡಿದ್ರೆ ಕೆಟ್ಟ ಅಭ್ಯಾಸ ಕಲೀತಾರೆ," ಎಂದು ಹುಡುಗನ ತೋಳು ಹಿಡಿದು ನಿಲ್ಲಿಸಿದ. ಅಷ್ಟರಲ್ಲಿ ಆಚೆ ಬದಿಗೆ ಕೊನೆಯ ಬಸ್ಸು ಬಂತು. ಮಕ್ಕಳ ಭವಿಷ್ಯವನ್ನು ಅಲ್ಲೇ ಬಿಟ್ಟು ಇಬ್ಬರೂ ಓಡಿದರು.

ಮರುದಿನ ಊರು ತೋರಿಸುವ ಕಾರ್ಯಕ್ರಮ. ಎಲೀಸೆನ್‌ಬ್ರುನ್ನೆನ್ ಎಂಬಲ್ಲಿ ಗಂಧಕದ ಬಿಸಿನೀರು ಹರಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಹುಡುಗ ಮೂಗು ಮುಚ್ಚಿಕೊಂಡರೆ ಈತ ಎದೆ ತುಂಬ ಉಸಿರೆಳೆದು, "ರೋಮನ್ನರು ಇಲ್ಲೇ ಸ್ನಾನ ಮಾಡ್ತಿದ್ದದ್ದು," ಎಂದ, ಬೆನ್ನುಜ್ಜಿಕೊಟ್ಟವನ ಅಧಿಕಾರದಲ್ಲಿ. ದೊಡ್ಡ ಚರ್ಚು ಬಂತು. 814ರಲ್ಲಿ ತೀರಿಕೊಂಡ ಶಾರ್ಲ್‌ಮೇನ್ ಚಕ್ರವರ್ತಿಯನ್ನು ಹೂಳಿದ ಜಾಗ. ಯುನೆಸ್ಕೊ 1978ರಲ್ಲಿ ಪರಂಪರೆಯ ತಾಣಗಳ ಮೊತ್ತಮೊದಲ ಪಟ್ಟಿ ಮಾಡಿದಾಗಲೇ ಇದನ್ನು ಸೇರಿಸಿಕೊಂಡಿತ್ತು.

"ಒಳಗೆ ಹೇಗಿದೆ ಬ್ರೋ?"

"ಊರಿನವರು ಯಾವತ್ತಾದ್ರೂ ಊರು ನೋಡ್ತೀವೇನೋ?"

ಹುಡುಗನಿಗೆ ಕಂಡದ್ದನ್ನೆಲ್ಲ ರೂಪಾಯಿಗೆ ಗುಣಿಸುವ ರೋಗ. ಒಂದು ಕಾಫಿಯ ಬೆಲೆ ನೋಡಿ ಚನ್ನಗಿರಿಯಲ್ಲಿ ಎಷ್ಟು ಊಟವಾಗುತ್ತಿತ್ತು ಎಂದು ಬಾಯಲ್ಲೇ ಲೆಕ್ಕ ಹಾಕಿದ. "ಗುಣಿಸಿದರೆ ಇಲ್ಲಿ ಬದುಕೋಕಾಗಲ್ಲ, ಇವತ್ತೇ ಬಿಟ್ಟುಬಿಡು," ಎಂದು ಸೀನಿಯರ್ ಗದರಿಸಿದ. ಹುಡುಗ ತಲೆಯಾಡಿಸಿ ಖಾಲಿಯಾದ ನೀರಿನ ಬಾಟಲಿಯನ್ನು ಕಸದ ಡಬ್ಬಿಗೆ ಹಾಕಹೋದ. ಸೀನಿಯರ್ ಹೌಹಾರಿದ. "ಲೋ! ಅಂಗಡಿಯ ಮಷಿನ್‌ಗೆ ಹಾಕಿದ್ರೆ 25 ಸೆಂಟು ವಾಪಸ್ ಬರುತ್ತೆ. ಇಪ್ಪತ್ತೈದು ರೂಪಾಯಿ ಕಣೋ!"

ಇಷ್ಟೆಲ್ಲ ಹೇಳಿದರೂ ಈತನ ಅಸಲಿ ವಿದ್ಯೆ ಇರುವುದು ದಿನಸಿ ಅಂಗಡಿಯಲ್ಲಿ. ಅದನ್ನು ಒಪ್ಪಲೇಬೇಕು. ಮೂರನೆಯ ಸಾಲಿಗೆ ನೆಟ್ಟಗೆ ನಡೆದು, ಪೊಟ್ಟಣಕ್ಕಿಂತ ಉದ್ದದ ಹೆಸರಿರುವ 'ವೈಖ್‌ವೈಟ್ಸೆನ್‌ಗ್ರೀಸ್' ಎತ್ತಿ, "ಉಪ್ಪಿಟ್ಟು ರವೆ," ಎಂದ. ಪಕ್ಕದ 'ಮಿಲ್ಖ್‌ರೈಸ್' ಎತ್ತಿ, "ಇವರು ಇದನ್ನ ಹಾಲಲ್ಲಿ ಬೇಯಿಸಿ ಸಕ್ಕರೆ ಹಾಕ್ಕೊಂಡು ತಿಂತಾರೆ, ಪಾಪ. ಮೊಸರನ್ನಕ್ಕೆ ಇದರ ಮುಂದೆ ಬಾಸ್ಮತಿ ಬಿಸಾಕು," ಎಂದ. 'ಕ್ವಾರ್ಕ್' ಎಂಬ ಬಿಳಿ ಡಬ್ಬಿಯನ್ನು ಮುಟ್ಟಬಾರದು ಎಂದೂ ಎಚ್ಚರಿಸಿದ. ಮೊಸರೆಂದು ನಂಬಿ ಅದನ್ನು ಅನ್ನಕ್ಕೆ ಕಲಸಿಕೊಂಡು ಎರಡು ಹೊತ್ತು ಬಲವಂತವಾಗಿ ಮುಗಿಸಿದವನು ಯಾರು ಎಂಬುದನ್ನು ಹೇಳಲಿಲ್ಲ. ಹಾಸ್ಟೆಲಿನ ಅಡುಗೆಮನೆಯಲ್ಲಿ ಒಗ್ಗರಣೆಗೆ ಮೊದಲು ಕಿಟಕಿ ತೆಗೆಯಬೇಕು, ಆಮೇಲೆ ಸಾಸಿವೆ. ಕ್ರಮ ತಪ್ಪಿದರೆ ಹೊಗೆಯ ಅಲಾರಾಂ ಇಡೀ ಮಹಡಿಯನ್ನು ಎಬ್ಬಿಸುತ್ತದೆ.

ನಾಲ್ಕನೆಯ ದಿನ ನಗರ ಕಚೇರಿ. ವಾಸಕ್ಕೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಮನೆ ಕೊಟ್ಟವರ ಸಹಿಯಿರುವ ಕಾಗದ ತರಬೇಕು. "ನೀನು ಬಾಯಿ ಬಿಡಬೇಡ, ಮಾತಾಡೋದು ನನಗೆ ಬಿಡು," ಎಂದು ಸೀನಿಯರ್ ಮುಂದಿನ ಕುರ್ಚಿಯಲ್ಲೇ ಕೂತ. ಅವನ ಜರ್ಮನ್ ಭಾಷೆಯ ಒಟ್ಟು ಬಂಡವಾಳ 'ಗೆನಾವ್' ಎಂಬ ಒಂದು ಪದ, ಹೌದೌದು ಎಂದು ತಲೆದೂಗಲು. ಮೇಜಿನಾಚೆಯ ಹೆಂಗಸು ಹುಟ್ಟಿದ ಊರು ಓದಿದರು. ಗೆನಾವ್. ಬೀದಿಯ ಹೆಸರು ಓದಿದರು. ಗೆನಾವ್. ಆಮೇಲೆ ಇನ್ನೇನೋ ಕೇಳಿದರು. ಗೆನಾವ್. ಆಕೆ ಬೆರಳಚ್ಚು ನಿಲ್ಲಿಸಿ ಹುಡುಗನ ಹಣೆಯ ಮೂರೆಳೆ ವಿಭೂತಿಯನ್ನೇ ನೋಡಿದರು.

ಹುಡುಗ ಕೆಮ್ಮಿ, ನಿಧಾನವಾಗಿ, ಸ್ಪಷ್ಟ ಜರ್ಮನ್‌ನಲ್ಲಿ ತಾನು ರೋಮನ್ ಕ್ಯಾಥೊಲಿಕ್ ಅಲ್ಲವೆಂದು ತಿಳಿಸಿದ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತು ಬಂದಿದ್ದನಂತೆ. ಅವನು ಸುಮ್ಮನಿದ್ದಿದ್ದರೆ ಕಾಗದದ ಮೇಲೆ ಮತ ಬದಲಾಗುತ್ತಿತ್ತು. ನಾಳೆ ಕೆಲಸ ಸಿಕ್ಕರೆ ಈ ರಾಜ್ಯದಲ್ಲಿ ಆದಾಯ ತೆರಿಗೆಯ ಮೇಲೆ ಶೇ 9ರಷ್ಟು ಚರ್ಚಿನ ತೆರಿಗೆಯೂ ಬೀಳುತ್ತಿತ್ತು.

"ನಿಂಗೆ ಎಷ್ಟು ಬರುತ್ತೆ ಅಂತ ಟೆಸ್ಟ್ ಮಾಡ್ತಿದ್ದೆ," ಎಂದ ಸೀನಿಯರ್, ಹೊರಗೆ ಬಂದ ಮೇಲೆ.

ಆ ಸಂಜೆ ಹುಡುಗನ ತಾಯಿಯ ವಿಡಿಯೋ ಕಾಲ್ ಬಂತು. "ನಮ್ಮವನಿಗೆ ಏನೂ ಗೊತ್ತಾಗಲ್ಲಪ್ಪ, ನೀನೇ ನೋಡ್ಕೋಬೇಕು." ಸೀನಿಯರ್ ಚಟ್ನಿಪುಡಿ ಹತ್ತಿದ ಬೆರಳು ಕೆಳಗಿಳಿಸಿ, "ಆಫೀಸಿನ ಕೆಲಸ ಎಲ್ಲಾ ನನಗೆ ಬಿಡಿ ಆಂಟಿ," ಎಂದು ಅಭಯ ಕೊಟ್ಟ. ಫೋನು ಇಟ್ಟಮೇಲೆ ಎದ್ದು ಬಾಗಿಲು ಹಾಕಿ, ಹಾಸಿಗೆಯ ಕೆಳಗಿನಿಂದ ಲಕೋಟೆಗಳ ಒಂದು ಕಟ್ಟು ತೆಗೆದ. ಒಂದನ್ನೂ ಒಡೆದಿರಲಿಲ್ಲ.

"ಇದು ಏನು ಅಂತ ಸ್ವಲ್ಪ ಓದು ನೋಡೋಣ."

ಹುಡುಗ ಓದಿದ. "ರೇಡಿಯೋ-ಟೀವಿ ಶುಲ್ಕ, ಬ್ರೋ. ತಿಂಗಳಿಗೆ 18.36 ಯೂರೋ. ಏಪ್ರಿಲ್‌ನಿಂದ ಬಾಕಿ ಇದೆ."

"ನಮ್ಮ ರೂಮಲ್ಲಿ ಟೀವಿನೇ ಇಲ್ವಲ್ಲೋ!"

"ಇಲ್ಲದಿದ್ರೂ ಕಟ್ಟಬೇಕಂತೆ."

ಸೀನಿಯರ್ ಬೆರಳು ಮಡಿಚತೊಡಗಿದ. ತುಟಿ ಅಲುಗುತ್ತಿತ್ತು. ಗುಣಿಸುತ್ತಿದ್ದ.