ಹಲ್ಲಿನೊಳಗೊಂದು ಗೋಳಗುಮ್ಮಟ

ತಿಕೋಟಾದ ಒಣದ್ರಾಕ್ಷಿ ಬಾಯಿಗೆ ಹಾಕಿದೆ, ಕೆಳದವಡೆ ಝುಮ್ಮೆಂದಿತು. ಬಬಲೇಶ್ವರದ ಅತ್ತಿ ಲವಂಗ ಇಟ್ಟಳು. ಮಾವ, "ಕಟಕ ರೊಟ್ಟಿ ಬಿಡೋ ತಮ್ಮಾ" ಅಂದ. ರೊಟ್ಟಿ ಬಿಡೋದಾ? ಬೇಕಾದರೆ ಹಲ್ಲು ಬಿಟ್ಟೇನು!

ವಿಜಯಪುರದ ದಂತವೈದ್ಯರ ಮುಂದೆ, "ಇದನ್ನೇ ಕೀಳ್ರಿ ಸಾಹೇಬ್ರ" ಅಂತ ಬೆರಳಿಟ್ಟೆ. ಅವರು ಪುಟ್ಟ ಕನ್ನಡಿಯ ಹಿಡಿಕೆಯಿಂದ ಒಂದೊಂದೇ ಹಲ್ಲು ತಟ್ಟಿದರು. ನಾನು ತೋರಿಸಿದ್ದು ಗಪ್‌ಚಿಪ್. ಮೇಲಿನದಕ್ಕೆ ತಟ್ಟಿದ್ದೇ ತಡ, ಕುರ್ಚಿಯಿಂದ ಗೇಣೆತ್ತರ ಹಾರಿದೆ!

"ಎರಡೂ ಒಂದೇ ನರದ ಟೊಂಗಿ ರೀ, ಮಿದುಳು ವಿಳಾಸ ತಪ್ಪತದ" ಅಂದರು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗುಮ್ಮಟದಾಗೂ ಇದೇ ಹಣೆಬರಹ: ಪಿಸುಗುಟ್ಟಿದವ ಆ ಕಡೆ, ಬೆಚ್ಚಿ ಬಿದ್ದವ ಈ ಕಡೆ.

ಸಂಜೆ ಅತ್ತಿ ಫೋನು: "ಕೆಳಗಿಂದು ಕೀಳಿಸಿದಿ?"

"ಇಲ್ಲತ್ತಿ, ತಪ್ಪು ಮೇಲಿಂದು."

"ಅಯ್ಯ, ನನ್ನ ಲವಂಗ ದಂಡ ಆತಲ್ಲೋ!"