ನೂರು ಮೈಲಿಯ ರಾಯರು

ಸುಖವನ್ನು ಅರಸಿಕೊಂಡು ಸಮುದ್ರ ದಾಟಿದ ಮನುಷ್ಯನು, ಆ ಸುಖವು ತಕ್ಕಮಟ್ಟಿಗೆ ಕೈವಶವಾದಮೇಲೆ, ಮುಂದೇನು ಮಾಡುವನೆಂಬ ಪ್ರಶ್ನೆಗೆ ಉತ್ತರ ಬೇಕಾದವರು, ಕ್ಯಾಲಿಫೋರ್ನಿಯದ ಫ್ರೀಮಾಂಟ್, ಸನಿವೇಲ್ ಕಡೆಯ ನಮ್ಮ ಕನ್ನಡಿಗ ಎಂಜಿನಿಯರುಗಳ ನಡುವೆ ಅಲ್ಲಲ್ಲಿ ಕಾಣಸಿಗುವ ನೂರು ಮೈಲಿಯ ರಾಯರನ್ನು ಸಂದರ್ಶಿಸತಕ್ಕದ್ದು. ವಯಸ್ಸು ನಲವತ್ತನ್ನು ದಾಟಿರುತ್ತದೆ. ಮನೆಯ ಸಾಲ ಹತೋಟಿಗೆ ಬಂದಿರುತ್ತದೆ. ರಕ್ತಪರೀಕ್ಷೆಯ ವರದಿಯನ್ನು ನೋಡಿದ ಡಾಕ್ಟರು ಎಂದೋ ಒಮ್ಮೆ ‘ಸ್ವಲ್ಪ ನಡೆದಾಡಿ’ ಎಂದಿರುತ್ತಾರೆ. ಎಲ್ಲಿಯವರೆಗೆ ನಡೆಯಬೇಕೆಂದು ಹೇಳದೆ ಬಿಟ್ಟದ್ದೇ ಸಕಲ ಅನರ್ಥಕ್ಕೂ ಮೂಲ. ನಡಿಗೆ ಓಟವಾಗಿ, ಓಟ ಮ್ಯಾರಥಾನಾಗಿ, ಕಡೆಗೆ ಡಾಂಬರು ರಸ್ತೆಯ ಮೇಲೆ ಓಡುವವರೆಲ್ಲ ರಾಯರ ಕಣ್ಣಿಗೆ ಪಾಮರರಾಗಿ ಕಾಣತೊಡಗುತ್ತಾರೆ. ಭಾನುವಾರ ಊಟಕ್ಕೆ ಕರೆದರೆ, ‘ಬೆಳಿಗ್ಗೆ ಬೆಟ್ಟದಲ್ಲಿ ಒಂದೈವತ್ತು ಕಿಲೋಮೀಟರು ಇದೆ, ಮುಗಿಸಿಕೊಂಡು ಬಂದುಬಿಡುತ್ತೇನೆ’ ಎನ್ನುವರು, ಕೊತ್ತಂಬರಿ ಸೊಪ್ಪು ತರಲು ಹೊರಟವರ ಧ್ವನಿಯಲ್ಲಿ. ಅದೇ ರಾಯರು, ಅಂಗಡಿಯ ಬಾಗಿಲಿಗೆ ಹತ್ತಿರದಲ್ಲಿ ಕಾರು ನಿಲ್ಲಿಸಲು ಜಾಗ ಸಿಗಲಿಲ್ಲವೆಂದು ಮೈದಾನವನ್ನು ಮೂರು ಸುತ್ತು ಸುತ್ತುವುದನ್ನು ಕಂಡವರಿದ್ದಾರೆ.

ಇವರ ಪಾಲಿನ ಕಾಶಿ ವೆಸ್ಟರ್ನ್ ಸ್ಟೇಟ್ಸ್ ಎಂಬ ಓಟ. ಜೂನ್ ಕಡೆಯ ಒಂದು ಶನಿವಾರ ಬೆಳಗಿನ ಐದು ಗಂಟೆಗೆ ಸಿಯೆರಾ ನೆವಾಡ ಪರ್ವತದ ಒಲಿಂಪಿಕ್ ವ್ಯಾಲಿಯಿಂದ ಹೊರಟು, 100 ಮೈಲಿ, ಎಂದರೆ 161 ಕಿಲೋಮೀಟರು, ಕಲ್ಲುಮುಳ್ಳಿನ ಕಾಲುದಾರಿಯಲ್ಲಿ ಒಟ್ಟು ಸುಮಾರು 18,000 ಅಡಿ ಏರಿ, 23,000 ಅಡಿ ಇಳಿದು, ಮರುದಿನ ಹನ್ನೊಂದು ಗಂಟೆಯೊಳಗೆ ಆಬರ್ನ್ ಊರಿನ ಹೈಸ್ಕೂಲು ಮೈದಾನವನ್ನು ಮುಟ್ಟಬೇಕು. ಈ ದಾರಿಯಲ್ಲಿ ಮೊದಲು ಪಂದ್ಯ ಕಟ್ಟಿದವರು ಕುದುರೆ ಸವಾರರು. 1955ರಿಂದ ಅವರು ಇದನ್ನು ಒಂದು ದಿನದಲ್ಲಿ ಕ್ರಮಿಸಿ ತೋರಿಸುತ್ತ ಬಂದಿದ್ದರು. ಗಾರ್ಡಿ ಐನ್ಸ್‌ಲೀ ಎಂಬ ಸವಾರನ ಕುದುರೆ 1973ರಲ್ಲಿ ನಡುದಾರಿಯಲ್ಲಿ ಕುಂಟಿತು. ಮರುವರ್ಷ ಆತನು ಕುದುರೆಗಳ ಜೊತೆಗೆ ತಾನೇ ಕಾಲ್ನಡೆಯಲ್ಲಿ ಹೊರಟು 23 ಗಂಟೆ 42 ನಿಮಿಷಕ್ಕೆ ಆಬರ್ನ್ ಸೇರಿದನು. ಕುಂಟಿದ ಕುದುರೆಯ ಇಂಗಿತವನ್ನು ಅರಿಯಬಲ್ಲವರು ಆಗ ಸುತ್ತಮುತ್ತ ಯಾರೂ ಇರಲಿಲ್ಲವೆಂದು ತೋರುತ್ತದೆ. ಇಂದಿಗೂ ಸವಾರರ ಪಂದ್ಯದಲ್ಲಿ ಪಶುವೈದ್ಯರು ನಡುನಡುವೆ ಕುದುರೆಯ ನಾಡಿ ನೋಡಿ, ಅದು ಇಳಿಯದಿದ್ದರೆ ಮುಂದೆ ಬಿಡರು. ಕುದುರೆಯೂ ಹಟ ಹಿಡಿಯದು.

ಇಲ್ಲಿ ಬವಣೆಪಡುವ ಭಾಗ್ಯವೂ ಬೇಡಿದೊಡನೆ ದೊರೆಯತಕ್ಕದ್ದಲ್ಲ. ಅರ್ಹತೆಗಾಗಿ ಇನ್ನೊಂದು ದೂರದ ಓಟವನ್ನು ಮುಗಿಸಿ, ಡಿಸೆಂಬರಿನ ಲಾಟರಿಗೆ ಹೆಸರು ಕೊಟ್ಟು, ಚೀಟಿ ಬಾರದಿದ್ದರೆ ಮರುವರ್ಷ ಪುನಃ ಅರ್ಹತೆ ಸಂಪಾದಿಸಬೇಕು. ನಿರಾಶೆಯ ವರ್ಷಗಳು ಕಳೆದಂತೆಲ್ಲ ಚೀಟಿಗಳ ಸಂಖ್ಯೆ ಇಮ್ಮಡಿಯಾಗುತ್ತ ಹೋಗುವುದೊಂದೇ ಸಮಾಧಾನ.

ಹೀಗೆ ಕಡೆಗೊಮ್ಮೆ ಚೀಟಿ ಎದ್ದ, ನಾನು ಬಲ್ಲ ರಾಯರು ರಾಯಚೂರಿನವರು. ಅವರಿಗೆ ಮೊದಲ ಚಿಂತೆ ಹಾದಿಯ ಬಿಸಿಲಿನದು. ಬೆಟ್ಟದ ನೆತ್ತಿಯಲ್ಲಿ ಕೆಲವು ವರ್ಷ ಹಿಮವನ್ನು ತುಳಿದುಕೊಂಡು ಹೋಗುವ ಓಟಗಾರರು ಮಧ್ಯಾಹ್ನಕ್ಕೆ ಅಮೆರಿಕನ್ ನದಿಯ ಕಣಿವೆಗಳಿಗಿಳಿಯುತ್ತಾರೆ. ಅಲ್ಲಿ ಗಾಳಿಯಾಡದು, ಬಿಸಿಲು 38 ಡಿಗ್ರಿಯನ್ನು ಮೀರುವುದುಂಟು. ಎರಡು ವಾರ ದೇಹವನ್ನು ಕ್ರಮವಾಗಿ ಕಾಯಿಸಿದರೆ ರಕ್ತದ ದ್ರವಾಂಶ ಹೆಚ್ಚಿ, ಬೆವರು ಬೇಗನೆ ಒಡೆದು, ಅದರೊಡನೆ ಉಪ್ಪು ಕಡಿಮೆ ಹೋಗುವುದೆಂಬುದು ಶಾಸ್ತ್ರಸಿದ್ಧವಾದ ಮಾತಾದ್ದರಿಂದ, ರಾಯರು ಜೂನ್ ಹುಟ್ಟಿದೊಡನೆ ವ್ಯಾಯಾಮಶಾಲೆಯ ಸೌನಾದಲ್ಲಿ, ಆವಿಯ ಮೇಲಿಟ್ಟ ಕಡುಬಿನಂತೆ, ಕಣ್ಣುಮುಚ್ಚಿ ಕೂರತೊಡಗಿದರು. ಕಾರಿನ ಗಾಜುಗಳನ್ನೆಲ್ಲ ಏರಿಸಿ, ಹೀಟರು ಹಾಕಿ, ಸ್ವೆಟರು ತೊಟ್ಟು ಕಚೇರಿಗೆ ಹೋದರು. ಪಕ್ಕದಲ್ಲಿ ಕುಳಿತ ಪತ್ನಿಯ ತಪಸ್ಸು ಯಾವ ಲೆಕ್ಕಕ್ಕೂ ಸೇರಲಿಲ್ಲ. ಮಗನ ಮನೆಗೆಂದು ಊರಿಂದ ಬಂದಿದ್ದ ತಾಯಿ ಇದನ್ನೆಲ್ಲ ಕೆಲವು ದಿನ ಸುಮ್ಮನೆ ನೋಡಿ, ಒಂದು ಸಂಜೆ, ‘ಅಲ್ಲೋ ತಮ್ಮಾ, ನಮ್ಮೂರ ಬಿಸಿಲು ತಡಿಯಾಕ ಆಗಂಗಿಲ್ಲ ಅಂತ ಇಷ್ಟು ದೂರ ಬಂದಿ, ಇಲ್ಲಿ ರೊಕ್ಕ ಕೊಟ್ಟು ಬೇಯಾಕತ್ತೀಯಲ್ಲೋ! ಅಲ್ಲೇ ಇದ್ದಿದ್ರ ಪುಕ್ಕಟ ಸಿಗ್ತಿತ್ತು’ ಎಂದರು. ರಾಯರು ರಕ್ತದ ದ್ರವಾಂಶದ ವಿಚಾರವನ್ನು ವಿಸ್ತಾರವಾಗಿ ನಿರೂಪಿಸಿದರು. ತಾಯಿ ಸೆರಗಿನಿಂದ ಅವರ ಹಣೆಯೊರೆಸಿದರು.

ಏಕಾಂತದಲ್ಲಿ ಪ್ರಕೃತಿಯೊಡನೆ ಒಂದಾಗುವ ಸಾಧನೆಯೆಂದು ರಾಯರು ಇದನ್ನು ವರ್ಣಿಸುವರಾದರೂ, ಆ ಏಕಾಂತವನ್ನು ಏರ್ಪಡಿಸಲು ಎರಡು ಕಾರುಗಳೂ, ಐದು ಜನರೂ, ಮಂಜುಗಡ್ಡೆಯ ಪೆಟ್ಟಿಗೆಗಳೂ, ಯಾವ ಮೈಲಿಯಲ್ಲಿ ಯಾವ ಕಾಲುಚೀಲ ಎಂಬುದರ ಪಟ್ಟಿಯೂ ಬೇಕಾದವು. 62ನೆಯ ಮೈಲಿಯ ಫಾರೆಸ್ಟ್‌ಹಿಲ್ ಊರಿನಲ್ಲಿ ಈ ಪರಿವಾರವು ಗಂಟೆಗಟ್ಟಲೆ ಕಾದು ಕುಳಿತಿತು. ಡೆವಿಲ್ಸ್ ಥಂಬ್ ಎಂಬ ಕಡಿದಾದ ಏರನ್ನು ಬಿಸಿಲಿನಲ್ಲಿ ಹತ್ತಿ ಬಂದ ರಾಯರು, ಟೋಪಿಯೊಳಗಿಟ್ಟ ಮಂಜು ಕರಗಿ ಕಿವಿಯ ಹಿಂದೆ ಇಳಿಯುತ್ತಿರಲು, ಬೆವರು ಒಣಗಿದ ಉಪ್ಪಿನ ಬಿಳಿಗೆರೆಗಳು ಅಂಗಿಯ ಮೇಲೆ ಮೂಡಿರಲು, ಮಡಚುಕುರ್ಚಿಯಲ್ಲಿ ಕುಸಿದರು. ತಿಂಗಳುಗಟ್ಟಲೆ ಅಭ್ಯಾಸಮಾಡಿದ್ದ ಸಿಹಿಯಾದ ಅಂಟುದ್ರವದ ಪೊಟ್ಟಣವನ್ನು ಪತ್ನಿ ಮುಂದೊಡ್ಡಿದೊಡನೆ, ಹಾಲುಹಲ್ಲಿನ ಮಗುವಿನಂತೆ ಮುಖ ತಿರುಗಿಸಿದರು. ಅಲ್ಲಿಯ ಸ್ವಯಂಸೇವಕರು ಬೇಯಿಸಿದ ಆಲೂಗಡ್ಡೆಯನ್ನು ಉಪ್ಪಿನಲ್ಲಿ ಅದ್ದಿ ಕೊಡುತ್ತಿದ್ದರು. ಬರಿಯ ನೀರನ್ನೇ ವಿಪರೀತವಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಮನುಷ್ಯ ಅಪಾಯಕ್ಕೀಡಾಗುತ್ತಾನೆಂಬುದು ಅವರಿಗೆ ತಿಳಿದ ವಿಷಯ. ತಾಯಿಗೆ ಸೋಡಿಯಂ ತಿಳಿಯದು. ಪಟ್ಟಿಯಲ್ಲಿ ಎಲ್ಲಿಯೂ ನಮೂದಾಗದಿದ್ದ ಡಬ್ಬಿಯೊಂದನ್ನು ಚೀಲದ ತಳದಿಂದ ತೆಗೆದು, ಮೊಸರನ್ನದ ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ಒಂದು ಹೋಳನ್ನಿಟ್ಟು ಕೈತುತ್ತು ಕೊಟ್ಟರು. ರಾಯರು ಡಬ್ಬಿಯನ್ನು ಬರಿದು ಮಾಡಿ, ಬೆರಳು ನೆಕ್ಕಿ, ಎದ್ದು ನಿಂತರು.

ಅಲ್ಲಿಂದ ಮುಂದೆ ಜೊತೆಯೋಟಗಾರನೊಬ್ಬನಿಗೆ ಅವಕಾಶವುಂಟು. ಈ ಪುಣ್ಯಾತ್ಮನ ಮುಖ್ಯ ಕರ್ತವ್ಯ ಸುಳ್ಳು ಹೇಳುವುದು. ನಮ್ಮ ಹಳ್ಳಿಗಳಲ್ಲಿ ದಾರಿ ಕೇಳಿದವರಿಗೆ ‘ಇಲ್ಲೇ ಐತ್ರಿ’ ಎಂದು ಹೇಳುವ ಪರೋಪಕಾರಬುದ್ಧಿಯನ್ನು ಆತ ರಾತ್ರಿಯೆಲ್ಲ, ನದಿ ದಾಟುವಾಗಲೂ, ಬೆಳಗಾದಮೇಲೂ, ಅವಿಚ್ಛಿನ್ನವಾಗಿ ಪ್ರಯೋಗಿಸಿದನು.

ರಾಯರು 30 ಗಂಟೆಯ ಗಡುವಿಗೆ ಕೆಲವೇ ನಿಮಿಷಗಳಿರುವಾಗ ಹೈಸ್ಕೂಲು ಮೈದಾನವನ್ನು ಹೊಕ್ಕರು. ಹಿಂದಿನ ಸಂಜೆಯೇ ಮುಗಿಸಿದ ಗೆಲುವಿನ ಓಟಗಾರರಿಗಿಂತಲೂ, ಹೀಗೆ ಕಡೆಯ ಗಳಿಗೆಯಲ್ಲಿ ತೆವಳಿ ಬರುವವರಿಗೆ ಅಲ್ಲಿ ಚಪ್ಪಾಳೆ ಹೆಚ್ಚು. ಇದು ನನಗೆ ಬಹಳ ಹಿಡಿಸಿದ ಸಂಪ್ರದಾಯ. ಮೊದಲು ಬಂದವನಿಗೂ ಹಣದ ಬಹುಮಾನವಿಲ್ಲ. 24 ಗಂಟೆಯೊಳಗೆ ಬಂದರೆ ಬೆಳ್ಳಿಯದು, 30ರೊಳಗೆ ಬಂದರೆ ಕಂಚಿನದು, ಸೊಂಟಪಟ್ಟಿಗೆ ಹಾಕುವ ಬಕ್ಕಲ್ ಕೊಡುವರು. ಕಾಲಿನ ಎರಡು ಉಗುರುಗಳನ್ನು ಸಿಯೆರಾ ಪರ್ವತಕ್ಕೆ ಅರ್ಪಿಸಿ ಬಂದಿದ್ದ ರಾಯರು, ಲಾಡಿಯ ಚಡ್ಡಿಯಲ್ಲಿ ಹುಲ್ಲಿನ ಮೇಲೆ ಅಂಗಾತ ಮಲಗಿ, ಕಂಚಿನ ಬಕ್ಕಲನ್ನು ತಾಯಿಯ ಕೈಗಿತ್ತರು. ತಾಯಿ ಅದನ್ನು ಹಿಂದುಮುಂದು ತಿರುಗಿಸಿ ನೋಡಿ, ‘ಬೆಲ್ಟ್ ಎಲ್ಲೈತೋ?’ ಎಂದರು.

‘ಅದನ್ನ ನಾವ ತಗೋಬೇಕವ್ವಾ.’